ಲೂಪಿನೊಳಗೊಂದು ಲೂಪು

ಬೀದರ್, ಹುಮನಾಬಾದ್ ಕಡೆಯಿಂದ ಹೈದರಾಬಾದಿಗೆ ಹೊರಟ ಬಸ್ಸು ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಮಿಯಾಪುರಕ್ಕೆ ಬಂತೆಂದರೆ ಊರು ಸಿಕ್ಕಿತೆಂದೇ ಲೆಕ್ಕ. ಅಲ್ಲಿಂದ ಮುಂದಿನ ಮೂರು ಮೆಟ್ರೊ ನಿಲ್ದಾಣಗಳ ಹೆಸರು ಓದಿದರೆ ಕೂಕಟ್‌ಪಲ್ಲಿ ಬಡಾವಣೆಯ ಪರಿಚಯ ಆಗಿಬಿಡುತ್ತದೆ: ಜೆಎನ್‌ಟಿಯು ಕಾಲೇಜ್, ಕೆಪಿಎಚ್‌ಬಿ ಕಾಲೊನಿ, ಕೂಕಟ್‌ಪಲ್ಲಿ. 1972ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ತಾಂತ್ರಿಕ ವಿಶ್ವವಿದ್ಯಾಲಯ 2008ರಲ್ಲಿ ನಾಲ್ಕು ಪಾಲಾಯಿತು. ಹೈದರಾಬಾದಿನ ಪಾಲು ಈಗಲೂ ಕೂಕಟ್‌ಪಲ್ಲಿಯಲ್ಲೇ ಇದೆ. ಅದರ ಸುತ್ತ ಹೌಸಿಂಗ್ ಬೋರ್ಡಿನ ಮನೆಗಳು, ಆ ಮನೆಗಳ ನಡುವೆ ಹಾಸ್ಟೆಲ್ಲುಗಳು, ಹಾಸ್ಟೆಲ್ಲುಗಳ ಕೆಳಗೆ ಟಿಫಿನ್ ಸೆಂಟರುಗಳು, ಮೇಲಿನ ಮಹಡಿಗಳಲ್ಲಿ ಜಾವಾ, ಪೈಥಾನ್, ಡೆವಾಪ್ಸ್ ಕಲಿಸುವ ಇನ್‌ಸ್ಟಿಟ್ಯೂಟುಗಳು. ಕಲ್ಯಾಣ ಕರ್ನಾಟಕದ ಬಹಳಷ್ಟು ಹುಡುಗ ಹುಡುಗಿಯರಿಗೆ ಬೆಂಗಳೂರಿಗಿಂತ ಹತ್ತಿರವಿರುವ ಸಾಫ್ಟ್‌ವೇರ್ ಊರು ಇದು.

ಇಂಥ ಜಾಗದಲ್ಲಿ ಕಂಪ್ಯೂಟರ್ ಲ್ಯಾಬಿಗೆ ಬರವಿಲ್ಲ. ತೆಲಂಗಾಣದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೂಡ 2018ರಿಂದ ಕಾಗದ ಬಿಟ್ಟು ಕಂಪ್ಯೂಟರಿನ ಮೇಲೆಯೇ ನಡೆಯುತ್ತಿದೆ. ಸಾಲುಸಾಲಾಗಿ ಕೂತ ಯಂತ್ರಗಳು, ಮೂಲೆಯಲ್ಲೊಂದು ಸ್ವಿಚ್, ಅದರಿಂದ ಹೊರಟ ನೀಲಿ ಕೇಬಲ್ಲುಗಳು, ಬಾಗಿಲ ಪಕ್ಕ ಲ್ಯಾಬ್ ಅಸಿಸ್ಟೆಂಟಿನ ಮೇಜು. ಈ ಬರಹದ ವಿಷಯ ಹುಟ್ಟುವುದು ಆ ಮೇಜಿನ ಮೇಲೆ.

ಒಂದು ಲ್ಯಾಬಿನಲ್ಲಿ 60 ಕಂಪ್ಯೂಟರುಗಳಿವೆ ಎಂದಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಪ್ರಾಕ್ಟಿಕಲ್ ಪರೀಕ್ಷೆ. ಹಿಂದಿನ ಬ್ಯಾಚಿನವರು ಬರೆದಿಟ್ಟ ಪ್ರೋಗ್ರಾಂ ಫೈಲುಗಳು ಯಾವ ಯಂತ್ರದ ಯಾವ ಫೋಲ್ಡರಿನಲ್ಲಿ ಉಳಿದಿವೆಯೋ ಯಾರಿಗೂ ಗೊತ್ತಿಲ್ಲ. ಕೆಲವರು ಡೆಸ್ಕ್‌ಟಾಪಿನ ಮೇಲೆ ಬಿಟ್ಟಿರುತ್ತಾರೆ, ಕೆಲವರು ‘ನ್ಯೂ ಫೋಲ್ಡರ್’ ಒಳಗೆ ಇನ್ನೊಂದು ‘ನ್ಯೂ ಫೋಲ್ಡರ್’ ಮಾಡಿ ಅಡಗಿಸಿರುತ್ತಾರೆ. ಅವು ಉಳಿದರೆ ನಾಳೆ ಬರೆಯುವವರಿಗೆ ಸಿದ್ಧ ಉತ್ತರ ಸಿಕ್ಕಂತೆ. ಒಂದೊಂದು ಯಂತ್ರದ ಮುಂದೆ ಕೂತು ಹುಡುಕಲು 5 ನಿಮಿಷ ಹಿಡಿದರೂ ಒಟ್ಟು 5 ಗಂಟೆ. ಆದರೆ ಬಲ್ಲವರು ತಮ್ಮ ಮೇಜು ಬಿಟ್ಟು ಏಳುವುದಿಲ್ಲ. ಹತ್ತು ಹನ್ನೆರಡು ಸಾಲಿನ ಸ್ಕ್ರಿಪ್ಟ್ ಬರೆದು ಓಡಿಸುತ್ತಾರೆ. ಆ ಸ್ಕ್ರಿಪ್ಟಿನ ಬೆನ್ನೆಲುಬನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

ಪಟ್ಟಿಯಲ್ಲಿರುವ ಪ್ರತಿ ಕಂಪ್ಯೂಟರಿಗೆ ಹೋಗು.
— ಅಲ್ಲಿರುವ ಪ್ರತಿ ಬಳಕೆದಾರರ ಫೋಲ್ಡರನ್ನು ತೆರೆ.
— — ಅದರೊಳಗಿನ ಪ್ರತಿ ಫೈಲನ್ನು ನೋಡು.
— — — ಹುಡುಕುತ್ತಿರುವ ಬಗೆಯದಾದರೆ ಕಂಪ್ಯೂಟರಿನ ಹೆಸರು, ಫೈಲಿನ ಜಾಗ, ತಾರೀಖು ಬರೆದುಕೊ.

ಪ್ರೋಗ್ರಾಮಿಂಗ್ ಕಲಿಯುವವರು ಇದನ್ನು ನೆಸ್ಟೆಡ್ ಲೂಪ್ ಎನ್ನುತ್ತಾರೆ. ಹೊರಗಿನ ಲೂಪ್ ಒಂದು ಹೆಜ್ಜೆ ಮುಂದಿಡುವುದರೊಳಗೆ ಒಳಗಿನದು ತನ್ನ ಪೂರ್ತಿ ಸುತ್ತು ಮುಗಿಸಿರಬೇಕು. ಮೊದಲ ಕಂಪ್ಯೂಟರಿನ ಕೊನೆಯ ಫೈಲ್ ನೋಡಿದ ಮೇಲೆಯೇ ಎರಡನೆಯ ಕಂಪ್ಯೂಟರಿನ ಸರದಿ. 1957ರಲ್ಲಿ ಐಬಿಎಂ ಹೊರತಂದ ಫೋರ್ಟ್ರಾನ್ ಭಾಷೆಯಲ್ಲೇ ಲೂಪಿನೊಳಗೆ ಲೂಪ್ ಇಡುವ ಸೌಲಭ್ಯ ಇತ್ತು. ಇನ್‌ಸ್ಟಿಟ್ಯೂಟುಗಳಲ್ಲಿ ಇದನ್ನು ಮೊದಲ ವಾರವೇ ಕಲಿಸುತ್ತಾರೆ, ಸಾಮಾನ್ಯವಾಗಿ ನಕ್ಷತ್ರಗಳ ತ್ರಿಕೋನ ಬಿಡಿಸುವ ಅಭ್ಯಾಸದಿಂದ. ಆ ತ್ರಿಕೋನ ಬಿಡಿಸಿದ ವಿದ್ಯಾರ್ಥಿಗೆ ಲೂಪ್ ಅರ್ಥವಾಗಿರುತ್ತದೆ. ನೆಟ್‌ವರ್ಕ್ ಅರ್ಥವಾಗಿರುವುದಿಲ್ಲ. ಸ್ವಂತ ಯಂತ್ರದೊಳಗಿನ ನಕ್ಷತ್ರ ಯಾವತ್ತೂ ‘ನಾನಿಲ್ಲ’ ಎನ್ನುವುದಿಲ್ಲ. ಇನ್ನೊಂದು ಯಂತ್ರ ಎನ್ನುತ್ತದೆ. ಎಷ್ಟೋ ಸಲ ಅಷ್ಟನ್ನೂ ಹೇಳದೆ ಸುಮ್ಮನಿರುತ್ತದೆ.

ಒಂದು ಕಂಪ್ಯೂಟರಿನಿಂದ ಇನ್ನೊಂದರ ಫೋಲ್ಡರ್ ಕಾಣುವುದು ಎಸ್‌ಎಂಬಿ ಎಂಬ ವ್ಯವಸ್ಥೆಯಿಂದ. 1980ರ ದಶಕದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ ಇದನ್ನು ಮೈಕ್ರೊಸಾಫ್ಟ್ ವಿಂಡೋಸ್‌ಗೆ ಒಗ್ಗಿಸಿಕೊಂಡಿತು. ಆಸ್ಟ್ರೇಲಿಯಾದ ವಿದ್ಯಾರ್ಥಿ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಅದಕ್ಕೊಂದು ಮುಕ್ತ ರೂಪ ಬರೆದರು. ಮುಂದೆ ಸಾಂಬಾ ಎಂದು ಹೆಸರಾದ ಅದರಿಂದಾಗಿ ಲಿನಕ್ಸ್ ಯಂತ್ರಗಳೂ ವಿಂಡೋಸ್ ಯಂತ್ರಗಳೂ ಒಂದೇ ಲ್ಯಾಬಿನಲ್ಲಿ ಫೈಲ್ ಹಂಚಿಕೊಳ್ಳುವಂತಾಯಿತು. ವಿಂಡೋಸ್ ಯಂತ್ರಗಳಲ್ಲಿ ಅಡ್ಮಿನ್‌ಗೆ ಮಾತ್ರ ತೆರೆಯುವ ಒಂದು ಹಿಂಬಾಗಿಲು ತಾನಾಗಿಯೇ ಇರುತ್ತದೆ. ಎರಡು ಓರೆಗೆರೆ, ಕಂಪ್ಯೂಟರಿನ ಹೆಸರು, ಮತ್ತೊಂದು ಓರೆಗೆರೆ, ‘ಸಿ’ ಅಕ್ಷರ, ಕೊನೆಗೊಂದು ಡಾಲರ್ ಚಿಹ್ನೆ — ಇಷ್ಟು ಟೈಪ್ ಮಾಡಿದರೆ ಆ ಯಂತ್ರದ ಇಡೀ ಸಿ ಡ್ರೈವ್ ಕಣ್ಣೆದುರಿಗೆ. ಮೇಲಿನ ಸ್ಕ್ರಿಪ್ಟಿನ ಹೊರಗಿನ ಲೂಪ್ ಮಾಡುವ ಕೆಲಸ ಇದೇ: ಕಂಪ್ಯೂಟರಿನ ಹೆಸರು ಇರುವ ಜಾಗದಲ್ಲಿ ಒಂದಾದ ಮೇಲೊಂದು 60 ಹೆಸರು ತುಂಬುತ್ತ ಹೋಗುವುದು.

ಈಗ ಲೆಕ್ಕ. 60 ಯಂತ್ರ, ಪ್ರತಿ ಯಂತ್ರದಲ್ಲಿ 5 ಬಳಕೆದಾರರ ಫೋಲ್ಡರ್, ಪ್ರತಿ ಫೋಲ್ಡರಿನಲ್ಲಿ 10,000 ಫೈಲ್ ಎಂದರೆ 30 ಲಕ್ಷ ಬಾರಿ ಒಳಗಿನ ಲೂಪ್ ತಿರುಗಬೇಕು. ಒಂದೊಂದು ಫೈಲಿನ ತಾರೀಖು ಕೇಳಲು ಕೇಬಲ್ಲಿನಲ್ಲಿ ಹೋಗಿ ಬರಲು ಒಂದು ಮಿಲಿಸೆಕೆಂಡ್ ಹಿಡಿದರೂ 50 ನಿಮಿಷ. ಪೈಥಾನ್ ಭಾಷೆಯಲ್ಲಿ ಬಹಳ ವರ್ಷ ಇದೇ ತೊಂದರೆ ಇತ್ತು. ಅದು ಮೊದಲು ಹೆಸರುಗಳ ಪಟ್ಟಿ ತರುತ್ತಿತ್ತು, ಆಮೇಲೆ ಒಂದೊಂದು ಹೆಸರಿನ ಹಿಂದೆ ಹೋಗಿ ಇದು ಫೈಲೋ ಫೋಲ್ಡರೋ ಎಂದು ಮತ್ತೆ ಕೇಳುತ್ತಿತ್ತು. ವಿಂಡೋಸ್ ಆ ಮಾಹಿತಿಯನ್ನು ಮೊದಲ ಸಲವೇ ಕೊಟ್ಟಿರುತ್ತಿತ್ತು, ಪೈಥಾನ್ ಅದನ್ನು ಎಸೆದುಬಿಡುತ್ತಿತ್ತು. ಬೆನ್ ಹೋಯ್ಟ್ ಎಂಬ ಪ್ರೋಗ್ರಾಮರ್ ಇದನ್ನು ಸರಿಪಡಿಸುವ ಪ್ರಸ್ತಾವ ಬರೆದರು. 2015ರ ಪೈಥಾನ್ 3.5ರಲ್ಲಿ ಅದು ಸೇರಿತು. ಅವರ ಪ್ರಸ್ತಾವದಲ್ಲಿರುವ ಅಂಕಿಯಂತೆ ಫೋಲ್ಡರ್ ಜಾಲಾಡುವ ವೇಗ ವಿಂಡೋಸ್‌ನಲ್ಲಿ 8–9 ಪಟ್ಟು ಹೆಚ್ಚಿತು. ಲೂಪ್ ಅದೇ, ಒಳಗಿನ ಸುತ್ತಿನಲ್ಲಿದ್ದ ಒಂದು ಅನವಶ್ಯಕ ಪ್ರಶ್ನೆ ಹೋಯಿತು, ಅಷ್ಟೇ. ಒಳಗಿನ ಲೂಪಿನಲ್ಲಿ ಉಳಿಸಿದ ಒಂದು ಚೂರು 30 ಲಕ್ಷ ಸಲ ಉಳಿಯುತ್ತದೆ.

ಅದಕ್ಕಿಂತ ಹೆಚ್ಚು ಕಾಡುವುದು ಆಫ್ ಆಗಿರುವ ಯಂತ್ರ. ಸಂಜೆ ಲ್ಯಾಬ್ ಮುಗಿದ ಮೇಲೆ 20 ಯಂತ್ರಗಳನ್ನು ಯಾರೋ ಆಫ್ ಮಾಡಿ ಹೋಗಿದ್ದಾರೆ ಎಂದುಕೊಳ್ಳಿ. ಉತ್ತರ ಬಾರದ ಯಂತ್ರಕ್ಕಾಗಿ ವಿಂಡೋಸ್ ತಕ್ಷಣ ಕೈಬಿಡುವುದಿಲ್ಲ. ಒಮ್ಮೆ ಕರೆಯುತ್ತದೆ, ಕಾಯುತ್ತದೆ, ಮತ್ತೆ ಕರೆಯುತ್ತದೆ, ಮೊದಲಿಗಿಂತ ಹೆಚ್ಚು ಕಾಯುತ್ತದೆ. ಸಾಮಾನ್ಯವಾಗಿ ಸುಮಾರು 21 ಸೆಕೆಂಡ್ ಆದ ಮೇಲೆ ಸೋಲೊಪ್ಪುತ್ತದೆ. 20 ಯಂತ್ರಕ್ಕೆ 21 ಸೆಕೆಂಡಿನಂತೆ 7 ನಿಮಿಷ ವ್ಯರ್ಥ. ಇದನ್ನು ತಡೆದುಕೊಳ್ಳಬಹುದು. ಆದರೆ ಹೊಸಬರು ಕೆಲವೊಮ್ಮೆ ಲೂಪುಗಳನ್ನು ತಿರುವುಮುರುವಾಗಿ ಇಡುತ್ತಾರೆ: ಹೊರಗೆ ವಿದ್ಯಾರ್ಥಿಗಳ ಫೋಲ್ಡರ್ ಹೆಸರುಗಳ ಪಟ್ಟಿ, ಒಳಗೆ ಕಂಪ್ಯೂಟರುಗಳ ಪಟ್ಟಿ. ಉತ್ತರ ಎರಡರಲ್ಲೂ ಒಂದೇ ಬರುತ್ತದೆ. ಆದರೆ ಪಟ್ಟಿಯಲ್ಲಿ 40 ಹೆಸರಿದ್ದರೆ ಆಫ್ ಆದ ಅದೇ 20 ಯಂತ್ರಗಳ ಕದವನ್ನು 40 ಸಲ ಹೊಸದಾಗಿ ತಟ್ಟಬೇಕು. ಪ್ರತಿ ಸಲವೂ ಪೂರ್ತಿ ಕಾದರೆ 16,800 ಸೆಕೆಂಡ್, ಅಂದರೆ 4 ಗಂಟೆ 40 ನಿಮಿಷ. ಕೈಯಲ್ಲೇ ಹುಡುಕಿದ್ದರೆ ಆಗುತ್ತಿದ್ದ 5 ಗಂಟೆಗೂ ಇದಕ್ಕೂ ಅಂತರ ಎಷ್ಟು? ನೋಡಲು ಹೆಚ್ಚು ಸಮಯ ಹಿಡಿಯುವುದು ಹೊರಗಿರಬೇಕು, ಅದನ್ನು ಒಂದೇ ಸಲ ಮುಟ್ಟಬೇಕು. ನೆಟ್‌ವರ್ಕಿನಲ್ಲಿ ಆ ಜಾಗ ಯಾವಾಗಲೂ ಕಂಪ್ಯೂಟರಿನದು.

ಹಾಗಾಗಿ ಅನುಭವಿಗಳು ಹೊರಗಿನ ಲೂಪಿನ ಮೊದಲ ಸಾಲಿನಲ್ಲೇ ಒಂದು ಪರೀಕ್ಷೆ ಇಡುತ್ತಾರೆ. ಯಂತ್ರ ಎಚ್ಚರವಾಗಿದೆಯೇ? ಇಲ್ಲವಾದರೆ ಮುಂದಿನದಕ್ಕೆ ಹೋಗು. ಇದಕ್ಕೆ ಪಿಂಗ್ ಬಳಸುವುದು ರೂಢಿ. ಆದರೆ ಪಿಂಗ್‌ಗೆ ಉತ್ತರಿಸದಂತೆ ತಡೆಯುವ ಫೈರ್‌ವಾಲ್ ಬಹಳ ಕಡೆ ಇರುತ್ತದೆ. ಆಗ ಎದ್ದಿರುವ ಯಂತ್ರವೂ ಮಲಗಿದಂತೆ ಕಾಣುತ್ತದೆ. ಫೈಲ್ ಹಂಚಿಕೆ ನಡೆಯುವ 445ನೇ ಪೋರ್ಟ್ ತೆರೆದಿದೆಯೇ ಎಂದು ನೇರವಾಗಿ ನೋಡುವುದು ಹೆಚ್ಚು ಭರವಸೆಯ ದಾರಿ.

ಇನ್ನೂ ಬೇಗ ಮುಗಿಸಬೇಕೆಂದರೆ ಹೊರಗಿನ ಲೂಪನ್ನೇ ಒಡೆಯಬೇಕು. ಹೈದರಾಬಾದಿನವರಿಗೆ ಇದನ್ನು ವಿವರಿಸಲು 2014ರ ಆಗಸ್ಟ್ 19 ನೆನಪಿಸಿದರೆ ಸಾಕು. ರಾಜ್ಯ ಹುಟ್ಟಿದ ಎರಡೂವರೆ ತಿಂಗಳಿಗೆ ತೆಲಂಗಾಣ ಸರ್ಕಾರ ಇಡೀ ರಾಜ್ಯದ ಮನೆಮನೆ ಸಮೀಕ್ಷೆಯನ್ನು ಒಂದೇ ದಿನದಲ್ಲಿ ಮುಗಿಸುವುದಾಗಿ ಹೇಳಿತು. ಅಂಗಡಿ ಮುಂಗಟ್ಟು ಮುಚ್ಚಿದವು, ಬಸ್ಸುಗಳು ನಿಂತವು, ಕೆಲಸಕ್ಕೆಂದು ದೂರ ಹೋದವರು ಊರಿಗೆ ಮರಳಿದರು. ಲಕ್ಷಾಂತರ ಸಿಬ್ಬಂದಿ ಏಕಕಾಲಕ್ಕೆ ಸುಮಾರು ಒಂದು ಕೋಟಿ ಕುಟುಂಬಗಳ ವಿವರ ಬರೆದುಕೊಂಡರು. ಒಬ್ಬನೇ ಗಣತಿದಾರ ಮನೆಯಿಂದ ಮನೆಗೆ ಹೋಗುವುದು ಸಾದಾ ಲೂಪ್. ಬೀದಿಗೊಬ್ಬರಂತೆ ಒಮ್ಮೆಗೇ ಹೊರಡಿಸುವುದು ಸಮಾನಾಂತರ ಓಟ. ಕಂಪ್ಯೂಟರಿನಲ್ಲಿ ಇದಕ್ಕೆ ಪವರ್‌ಶೆಲ್ ಎಂಬ ಸಾಧನವಿದೆ. ಮೈಕ್ರೊಸಾಫ್ಟಿನ ಜೆಫ್ರಿ ಸ್ನೋವರ್ ರೂಪಿಸಿದ ಇದು 2006ರಲ್ಲಿ ಹೊರಬಂತು. ಅದರ ‘ಇನ್ವೋಕ್-ಕಮಾಂಡ್’ ಆಜ್ಞೆ ಒಳಗಿನ ಲೂಪನ್ನು ಪ್ರತಿ ಯಂತ್ರಕ್ಕೂ ಕಳಿಸಿಬಿಡುತ್ತದೆ. ಆ ಯಂತ್ರ ತನ್ನ ಫೋಲ್ಡರುಗಳನ್ನು ತಾನೇ ಹುಡುಕಿ ಉತ್ತರವನ್ನಷ್ಟೇ ವಾಪಸು ಕೊಡುತ್ತದೆ. ಏನೂ ಹೇಳದಿದ್ದರೆ ಒಮ್ಮೆಗೆ 32 ಯಂತ್ರಗಳನ್ನು ಅದು ಕೆಲಸಕ್ಕೆ ಹಚ್ಚುತ್ತದೆ. 60 ಯಂತ್ರಗಳ ಲ್ಯಾಬ್ ಎರಡು ಸುತ್ತಿನಲ್ಲಿ ಮುಗಿಯಿತು. 30 ಲಕ್ಷ ಪ್ರಶ್ನೆಗಳು ಕೇಬಲ್ ಹತ್ತುವುದೇ ಇಲ್ಲ. ತರಗತಿ ನಡೆಯುವಾಗ ಇದನ್ನು ಓಡಿಸಿದರೆ ಮಾತ್ರ 32 ವಿದ್ಯಾರ್ಥಿಗಳು ‘ಸಾರ್, ಸಿಸ್ಟಮ್ ಸ್ಲೋ’ ಎಂದು ಒಟ್ಟಿಗೆ ಕೈ ಎತ್ತುತ್ತಾರೆ.

ಒಳಗಿನ ಲೂಪಿಗೂ ಅದರದೇ ಬಲೆಗಳಿವೆ. ಫೋಲ್ಡರಿನೊಳಗೆ ಫೋಲ್ಡರ್ ಎಷ್ಟು ಆಳಕ್ಕೆ ಇದೆಯೋ ಮೊದಲೇ ತಿಳಿಯುವುದಿಲ್ಲವಾದ್ದರಿಂದ ಮೂರು ಲೂಪ್, ನಾಲ್ಕು ಲೂಪ್ ಎಂದು ಎಣಿಸಿ ಬರೆಯಲಾಗದು. ಫೋಲ್ಡರ್ ಕಂಡಾಗಲೆಲ್ಲ ಅದೇ ಕೆಲಸವನ್ನು ಮತ್ತೆ ಅದರೊಳಗೆ ಶುರುಮಾಡುವ ರಿಕರ್ಶನ್ ಬೇಕಾಗುತ್ತದೆ. ವಿಂಡೋಸ್ ವಿಸ್ಟಾ ಬಂದಾಗ ಮೈಕ್ರೊಸಾಫ್ಟ್ ಬಳಕೆದಾರರ ಫೋಲ್ಡರುಗಳ ಹೆಸರು ಬದಲಿಸಿತು. ಹಳೆಯ ಸಾಫ್ಟ್‌ವೇರುಗಳು ದಾರಿ ತಪ್ಪದಿರಲೆಂದು ಹಳೆಯ ಹೆಸರಿನಲ್ಲಿ ಜಂಕ್ಷನ್ ಎಂಬ ಕೈಕಂಬಗಳನ್ನು ನೆಟ್ಟಿತು. ಅವುಗಳಲ್ಲಿ ‘ಅಪ್ಲಿಕೇಶನ್ ಡೇಟಾ’ ಎಂಬುದೊಂದು ವಿಚಿತ್ರ: ಬಳಕೆದಾರರ ‘ಲೋಕಲ್’ ಫೋಲ್ಡರಿನೊಳಗೆ ಇರುವ ಅದು ಬೆರಳು ತೋರುವುದು ಅದೇ ‘ಲೋಕಲ್’ ಫೋಲ್ಡರಿನ ಕಡೆಗೆ. ಒಳಗೆ ಹೋದರೆ ಮತ್ತೆ ಅದೇ ಕೋಣೆ, ಅಲ್ಲಿ ಮತ್ತೆ ಅದೇ ಬಾಗಿಲು. ಸಾಮಾನ್ಯ ಬಳಕೆದಾರರು ಇದನ್ನು ತೆರೆಯದಂತೆ ವಿಂಡೋಸ್ ಬೀಗ ಹಾಕಿದೆ. ಆದರೆ ಬ್ಯಾಕಪ್ ಅಧಿಕಾರ ಪಡೆದು ಓಡುವ ಪ್ರೋಗ್ರಾಂಗಳು ಆ ಬೀಗ ದಾಟಿ ಒಳಹೋಗುತ್ತವೆ. ವಿಳಾಸದ ಉದ್ದ ಬೆಳೆಯುತ್ತ ಬೆಳೆಯುತ್ತ ವಿಂಡೋಸಿನ ಹಳೆಯ ಮಿತಿಯಾದ 260 ಅಕ್ಷರ ತಲುಪಿ ಎರರ್ ಬಂದಾಗಲೇ ಎಷ್ಟೋ ಜನಕ್ಕೆ ಇದು ಗೊತ್ತಾಗಿದ್ದು. ರೋಬೊಕಾಪಿ ಎಂಬ ನಕಲು ಸಾಧನದಲ್ಲಿ ಜಂಕ್ಷನ್ನುಗಳನ್ನು ಬಿಟ್ಟು ಮುಂದೆ ಹೋಗು ಎನ್ನಲು ಪ್ರತ್ಯೇಕ ಸೂಚನೆಯೇ ಇದೆ.

ಲೂಪಿನೊಳಗಿನ ಲೂಪಿಗೆ ನಿಜವಾದ ಅಗ್ನಿಪರೀಕ್ಷೆ ಎದುರಾದದ್ದು 2021ರ ಡಿಸೆಂಬರಿನಲ್ಲಿ. ಅಪಾಚೆ ಸಂಸ್ಥೆಯ ಲಾಗ್‌ಫೋರ್‌ಜೆ ಎಂಬುದು ಜಾವಾ ಪ್ರೋಗ್ರಾಂಗಳಿಗೆ ದಿನಚರಿ ಬರೆದುಕೊಡುವ ಸಣ್ಣ ಸಾಧನ. ಬ್ಯಾಂಕು, ವಿಮೆ, ಸರ್ಕಾರಿ ಪೋರ್ಟಲ್, ಆಟ, ಎಲ್ಲದರ ಅಡಿಪಾಯದಲ್ಲೂ ಅದು ಇತ್ತು. ಚೀನಾದ ಅಲಿಬಾಬಾ ಕ್ಲೌಡ್‌ನ ಚೆನ್ ಝಾವ್‌ಜುನ್ ನವೆಂಬರ್ 24ರಂದು ಅದರಲ್ಲಿ ಒಂದು ದೋಷವಿದೆಯೆಂದು ತಿಳಿಸಿದರು. ಹೊರಗಿನವರು ಕಳಿಸಿದ ಒಂದು ಸಾಲು ಅಕ್ಷರವನ್ನು ದಿನಚರಿಗೆ ಬರೆದುಕೊಳ್ಳುವಾಗ, ಆ ಸಾಲು ಹೇಳಿದ ಜಾಗದಿಂದ ಪ್ರೋಗ್ರಾಂ ತಂದು ಓಡಿಸುವಷ್ಟು ಅದು ವಿಧೇಯವಾಗಿತ್ತು. ಡಿಸೆಂಬರ್ 9ರ ಹೊತ್ತಿಗೆ ವಿಷಯ ಬಯಲಾಯಿತು. ಮೈನ್‌ಕ್ರಾಫ್ಟ್ ಆಟದ ಚಾಟಿನಲ್ಲಿ ಒಂದು ಸಾಲು ಟೈಪ್ ಮಾಡಿ ಸರ್ವರ್ ವಶಪಡಿಸಿಕೊಳ್ಳಬಹುದೆಂದು ಜನ ತೋರಿಸಿದರು. ದೋಷದ ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ಬಿತ್ತು. ಭಾರತದ ಸಿಇಆರ್‌ಟಿ-ಇನ್ ಕೂಡ ಎಚ್ಚರಿಕೆ ಹೊರಡಿಸಿತು.

ಅಂದು ಜಗತ್ತಿನ ಸಿಸ್ಟಮ್ ಅಡ್ಮಿನ್‌ಗಳ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ನಮ್ಮಲ್ಲಿ ಅದು ಎಲ್ಲೆಲ್ಲಿದೆ? ಉತ್ತರ ಯಾರ ಪಟ್ಟಿಯಲ್ಲೂ ಇರಲಿಲ್ಲ, ಏಕೆಂದರೆ ಲಾಗ್‌ಫೋರ್‌ಜೆಯನ್ನು ಯಾರೂ ಬೇಕೆಂದು ಕೊಂಡಿರಲಿಲ್ಲ. ಬೇರೆ ಸಾಫ್ಟ್‌ವೇರಿನ ಹೊಟ್ಟೆಯಲ್ಲಿ ಅದು ತಾನಾಗಿ ಬಂದಿತ್ತು. ಹೊರಗಿನ ಲೂಪ್ ಪ್ರತಿ ಸರ್ವರಿಗೆ, ಅದರೊಳಗಿನದು ಪ್ರತಿ ಡ್ರೈವಿಗೆ, ಅದರೊಳಗಿನದು ಪ್ರತಿ ಫೋಲ್ಡರಿಗೆ. ಅಲ್ಲಿಗೂ ಮುಗಿಯಲಿಲ್ಲ. ಜಾವಾದ ‘ಜಾರ್’ ಫೈಲ್ ಎಂದರೆ ಹಲವು ಫೈಲುಗಳನ್ನು ಅದುಮಿ ಕಟ್ಟಿದ ಗಂಟು. ಆ ಗಂಟಿನೊಳಗೆ ಇನ್ನೊಂದು ಗಂಟು ಇರಬಹುದು, ಅದರೊಳಗೆ ಲಾಗ್‌ಫೋರ್‌ಜೆ ಇರಬಹುದು. ಫೈಲಿನ ಹೆಸರು ನೋಡಿ ಹುಡುಕಿದವರಿಗೆ ಅದು ಸಿಗಲಿಲ್ಲ. ಗಂಟು ಬಿಚ್ಚುವ ಮತ್ತೊಂದು ಲೂಪ್ ಸೇರಿಸಿದವರಿಗೆ ಸಿಕ್ಕಿತು. ದೋಷ ತಿದ್ದಿದ 2.15 ಆವೃತ್ತಿ ಬಂದಾಗ ಹಲವರು ಅದನ್ನು ಹಾಕಿದರು. ಅದೂ ಸಾಲದೆಂದು 2.16 ಬಂತು, ಸುಮಾರು ಒಂದು ವಾರದೊಳಗೆ 2.17 ಬಂತು. ಪ್ರತಿ ಸಲವೂ ಇಡೀ ಲೂಪ್ ಮೊದಲಿಂದ. ಕೋವಿಡ್ ಕಾಲವಾದ್ದರಿಂದ ಉದ್ಯೋಗಿಗಳ ಲ್ಯಾಪ್‌ಟಾಪುಗಳು ಮನೆಮನೆಗಳಲ್ಲಿ ಹರಡಿಹೋಗಿದ್ದವು. ಯಾವ ಹೊತ್ತಿನಲ್ಲಿ ಯಾವ ಲ್ಯಾಪ್‌ಟಾಪ್ ನೆಟ್‌ವರ್ಕಿಗೆ ಬರುತ್ತದೋ ಹೇಳುವಂತಿರಲಿಲ್ಲ. ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ 2022ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ, ಈ ದೋಷವಿರುವ ಪ್ರತಿಗಳು ಇನ್ನು ಒಂದು ದಶಕ ಅಥವಾ ಅದಕ್ಕೂ ಹೆಚ್ಚು ಕಾಲ ಅಲ್ಲಲ್ಲಿ ಉಳಿಯುತ್ತವೆ ಎಂದು ಹೇಳಿತು. ಹುಡುಕುವವರ ಲೂಪ್ ತಲುಪದ ಯಂತ್ರಗಳು ಅಷ್ಟಿವೆ ಎಂದರ್ಥ.

ಇದೇ ಲೂಪ್ ಕೆಟ್ಟವರ ಕೈಯಲ್ಲಿ ಏನಾಗುತ್ತದೆ ಎಂಬುದಕ್ಕೂ ದಿನಾಂಕವಿದೆ: 2017ರ ಮೇ 12. ವಾನ್ನಾಕ್ರೈ ಎಂಬ ಸುಲಿಗೆ ವೈರಸ್ಸಿನ ರಚನೆಯನ್ನು ಬಿಡಿಸಿ ನೋಡಿದರೆ ಲ್ಯಾಬ್ ಅಸಿಸ್ಟೆಂಟಿನ ಸ್ಕ್ರಿಪ್ಟಿನದೇ ಎಲುಬು ಕಾಣುತ್ತದೆ. ಹೊರಗಿನ ಲೂಪ್ ನೆಟ್‌ವರ್ಕಿನ ಒಂದೊಂದು ವಿಳಾಸದ 445ನೇ ಪೋರ್ಟನ್ನು ತಟ್ಟುತ್ತ ಹೋಗುತ್ತಿತ್ತು. ತೆರೆದ ಕಡೆ ನುಗ್ಗಿದ ಮೇಲೆ ಒಳಗಿನ ಲೂಪ್ ಫೋಲ್ಡರ್ ಫೋಲ್ಡರ್ ಜಾಲಾಡಿ ವರ್ಡ್, ಎಕ್ಸೆಲ್, ಚಿತ್ರ, ಡೇಟಾಬೇಸ್ ಫೈಲುಗಳನ್ನು ಆರಿಸುತ್ತಿತ್ತು. ಕೊನೆಯ ಸಾಲು ಮಾತ್ರ ಬೇರೆ. ‘ಬರೆದುಕೊ’ ಇದ್ದ ಜಾಗದಲ್ಲಿ ‘ಬೀಗ ಹಾಕು’ ಎಂದಿತ್ತು. ಬೀಗ ತೆಗೆಯಲು 300 ಡಾಲರ್ ಕೇಳುತ್ತಿತ್ತು. 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಂಪ್ಯೂಟರುಗಳು ಕೆಟ್ಟವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಯ ಮೂರರಲ್ಲಿ ಒಂದು ಪಾಲು ತೊಂದರೆಗೆ ಸಿಕ್ಕಿತು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಅದಕ್ಕೆ ತುತ್ತಾದವು.

ವಾನ್ನಾಕ್ರೈ ನುಗ್ಗಲು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೊಸಾಫ್ಟ್ ಮಾರ್ಚ್ 14ರಂದೇ, ಅಂದರೆ ಎರಡು ತಿಂಗಳು ಮೊದಲೇ, ಮದ್ದು ಕೊಟ್ಟಿತ್ತು. ಮದ್ದು ಹಾಕಿಲ್ಲದ ಯಂತ್ರಗಳು ಯಾವುವು ಎಂದು ಹುಡುಕುವುದೂ ಹೊರಗಿನ ಲೂಪಿನ ಕೆಲಸವೇ. ಅಡ್ಮಿನ್‌ಗಳ ಲೂಪ್ ತಡವಾದ ಕಡೆ ವೈರಸ್ಸಿನ ಲೂಪ್ ಮೊದಲು ತಲುಪಿತು.

ಕನ್ನಡಕ್ಕೆ ಈ ಹುಡುಕಾಟದಿಂದ ನೇರ ಉಪಯೋಗವೊಂದಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡಿಗರು ಬರಹ, ನುಡಿ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ ಟೈಪ್ ಮಾಡಿದರು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಲ್ಲಿ ವರ್ಷಗಟ್ಟಲೆ ನಡೆಯಿತು. ಆ ಫಾಂಟುಗಳಲ್ಲಿ ಬರೆದ ಪತ್ರವನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್ ಕನ್ನಡದಲ್ಲಿ ಒಂದು ಪದ ಕೊಟ್ಟು ಹುಡುಕಿದರೆ ಅದರಲ್ಲಿ ಏನೂ ಸಿಗುವುದಿಲ್ಲ. ಪತ್ರಿಕಾಲಯಗಳು, ಮುದ್ರಣಾಲಯಗಳು, ಪ್ರಕಾಶಕರು, ಕನ್ನಡ ಸಂಘಗಳು, ಕಚೇರಿಗಳು ಕೂಡಿಟ್ಟ ಇಂಥ ಫೈಲುಗಳು ಹಳೆಯ ಕಂಪ್ಯೂಟರುಗಳಲ್ಲಿ ಚದುರಿಹೋಗಿವೆ. ಹೊರಗಿನಿಂದ ನೋಡಿದರೆ ಅವು ಬೇರೆ ವರ್ಡ್ ಫೈಲುಗಳಂತೆಯೇ. ಆದರೆ ಈಗಿನ ವರ್ಡ್ ಫೈಲ್ ಕೂಡ ಜಾರ್ ಫೈಲಿನಂತೆ ಒಂದು ಗಂಟು. ಬಿಚ್ಚಿದರೆ ಒಳಗೆ ಬಳಸಿದ ಫಾಂಟಿನ ಹೆಸರು ಬರೆದಿರುತ್ತದೆ. ಕಂಪ್ಯೂಟರಿಗೊಂದು ಲೂಪ್, ಫೋಲ್ಡರಿಗೊಂದು, ಫೈಲಿಗೊಂದು, ಒಳಗಿನ ಫಾಂಟ್ ಹೆಸರಿಗೊಂದು. ನುಡಿ ಎಂದು ಕಂಡದ್ದನ್ನೆಲ್ಲ ಬರೆದುಕೊಂಡರೆ ಪರಿವರ್ತಕಕ್ಕೆ ಕೊಡಬೇಕಾದ ಪಟ್ಟಿ ಸಿದ್ಧ. ಕೂಕಟ್‌ಪಲ್ಲಿಯಲ್ಲಿ ಪೈಥಾನ್ ಕಲಿಯುವ ಕನ್ನಡದ ವಿದ್ಯಾರ್ಥಿಗೆ ನಕ್ಷತ್ರದ ತ್ರಿಕೋನಕ್ಕಿಂತ ಇದು ಎಷ್ಟೋ ಒಳ್ಳೆಯ ಪ್ರಾಜೆಕ್ಟ್. ಹಾರ್ಡ್ ಡಿಸ್ಕುಗಳಿಗೂ ಆಯಸ್ಸಿರುವುದರಿಂದ ಈ ಕೆಲಸ ತಡವಾದಷ್ಟೂ ನಷ್ಟ.

ಒಪ್ಪಿಗೆಯ ಮಾತು ಇಲ್ಲಿ ಹೇಳಲೇಬೇಕು. ಅಡ್ಮಿನ್ ಪಾಸ್‌ವರ್ಡ್ ಇದೆ ಎಂದಮಾತ್ರಕ್ಕೆ ಎಲ್ಲರ ಫೋಲ್ಡರ್ ತೆರೆಯುವ ಹಕ್ಕು ಬರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮು ಮಾಲೀಕರ ಅಥವಾ ಉಸ್ತುವಾರಿಯ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದನ್ನು ತಪ್ಪೆನ್ನುತ್ತದೆ. ಅದನ್ನೇ ದುರುದ್ದೇಶದಿಂದ ಮಾಡಿದರೆ 66ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರೋಗ್ರಾಂ ಫೈಲ್ ಹುಡುಕಲು ಹೋದ ಸ್ಕ್ರಿಪ್ಟ್ ಯಾರದೋ ಆಧಾರ್ ಪ್ರತಿಯನ್ನೂ ವೈದ್ಯರ ಚೀಟಿಯನ್ನೂ ಪಟ್ಟಿ ಮಾಡಿ ತಂದರೆ ಆ ಪಟ್ಟಿ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಯಾವ ಯಂತ್ರ, ಯಾವ ಫೋಲ್ಡರ್, ಯಾವ ಬಗೆಯ ಫೈಲ್ ಎಂದು ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆದು, ಲೂಪನ್ನೂ ಅಷ್ಟಕ್ಕೇ ಕಟ್ಟಿಹಾಕುವುದು ಕ್ಷೇಮ.

ಇಷ್ಟೆಲ್ಲ ಆದ ಮೇಲೂ ಬಹುತೇಕ ಸ್ಕ್ರಿಪ್ಟುಗಳಲ್ಲಿ ಒಂದು ದೊಡ್ಡ ಲೋಪ ಉಳಿದೇ ಇರುತ್ತದೆ. ಪವರ್‌ಶೆಲ್ ಓಡಿಸುವಾಗ ಪರದೆಯ ತುಂಬ ಕೆಂಪಕ್ಷರ ಬರುತ್ತದೆ: ಇಲ್ಲಿ ಅನುಮತಿ ಇಲ್ಲ, ಈ ಯಂತ್ರ ಸಿಗುತ್ತಿಲ್ಲ, ಈ ವಿಳಾಸ ಉದ್ದವಾಯಿತು. ಕಿರಿಕಿರಿ ತಡೆಯಲಾರದೆ ಜನ ‘ಸೈಲೆಂಟ್ಲಿ ಕಂಟಿನ್ಯೂ’ ಎಂಬ ಸೂಚನೆ ಸೇರಿಸುತ್ತಾರೆ, ಕೆಂಪಕ್ಷರ ಮಾಯವಾಗುತ್ತದೆ. ಪೈಥಾನ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ‘ಓಎಸ್ ವಾಕ್’ ತೆರೆಯಲಾಗದ ಫೋಲ್ಡರ್ ಎದುರಾದರೆ ಯಾರೂ ಹೇಳದೆಯೇ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಕೊನೆಗೆ ಬರುವ ವರದಿ ನೋಡಲು ಚೆಂದ: 40 ಯಂತ್ರಗಳಲ್ಲಿ ಏನೂ ಸಿಗಲಿಲ್ಲ, ಉಳಿದ 20ರ ಹೆಸರೇ ಇಲ್ಲ. ಅದನ್ನು ಓದುವ ಪ್ರಾಂಶುಪಾಲರಿಗೆ ಲ್ಯಾಬ್ ಪೂರ್ತಿ ಸ್ವಚ್ಛ ಎಂದೇ ಕಾಣುತ್ತದೆ. ಆದರೆ ಹುಡುಕಿ ಸಿಗದಿದ್ದುದು ಬೇರೆ, ಹುಡುಕಲಾಗದಿದ್ದುದು ಬೇರೆ. ಲಾಗ್‌ಫೋರ್‌ಜೆ ಅಡಗಿ ಉಳಿದದ್ದು ಈ ಎರಡನೆಯ ಪಟ್ಟಿಯಲ್ಲಿ.

ಪೈಥಾನಿನಲ್ಲಿ ಇದಕ್ಕೆ ಬೇಕಾದ ತಿದ್ದುಪಡಿ ಬಹಳ ಚಿಕ್ಕದು. ‘ಆನ್‌ಎರರ್’ ಎಂಬ ಜಾಗದಲ್ಲಿ ಒಂದು ಫಂಕ್ಷನ್ ಹೆಸರು ಕೊಟ್ಟರೆ ತೆರೆಯದ ಪ್ರತಿ ಫೋಲ್ಡರಿನ ವಿಳಾಸ ಅದರ ಕೈಗೆ ಬರುತ್ತದೆ. ಪವರ್‌ಶೆಲ್‌ನಲ್ಲಿ ಎರರ್‌ಗಳನ್ನು ಬಾಯಿ ಮುಚ್ಚಿಸದೆ ಬೇರೆ ಫೈಲಿಗೆ ಬರೆಸಬಹುದು. ಲೂಪ್ ಕಲಿಸುವ ಮೇಷ್ಟ್ರುಗಳು ಇದನ್ನು ಲೂಪಿನ ಜತೆಗೇ ಕಲಿಸಲಿ. ಸ್ಕ್ರಿಪ್ಟ್ ಬರೆಯುವ ವಿದ್ಯಾರ್ಥಿಗಳು 60 ಯಂತ್ರಗಳ ವರದಿಯಲ್ಲಿ ಕಡಿಮೆಯೆಂದರೂ 60 ಸಾಲು ಇರುವಂತೆ ನೋಡಿಕೊಳ್ಳಲಿ: ಸಿಕ್ಕಿದ್ದು, ಸಿಗದಿದ್ದುದು, ತೆರೆಯದಿದ್ದುದು, ಆಫ್ ಆಗಿದ್ದುದು. ಆಫ್ ಆಗಿದ್ದ 20 ಯಂತ್ರಗಳನ್ನು ಬೆಳಿಗ್ಗೆ ಪರೀಕ್ಷೆಗೆ ಮೊದಲು ಆನ್ ಮಾಡಿ, ಅವುಗಳ ಮೇಲೆ ಮಾತ್ರ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಲಿ.